ಲುಂಗಿಯ ಮೇಲೊಂದು ಹೂವಿನ ಅಂಗಿ

ದೋಹಾ ಅಲ್ ಜದೀದಾದ ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಮೊಳೆ ಇತ್ತು. ಆ ಮೊಳೆಯಲ್ಲಿ ಪಪ್ಪನ ಬೂದು ಬಣ್ಣದ ಪ್ಯಾಂಟು ಯಾವಾಗಲೂ ನೇತಾಡುತ್ತಿತ್ತು. ಅದನ್ನು ಹಾಕಿಕೊಂಡು ಪಪ್ಪ ಎಲ್ಲಿಗೂ ಹೋದವರಲ್ಲ. ಅದು ಬಾಗಿಲು ತೆರೆಯುವುದಕ್ಕೆಂದೇ ಇದ್ದ ಪ್ಯಾಂಟು. ಆಫೀಸಿನಿಂದ ಬಂದವರೇ ಪಪ್ಪ ಲುಂಗಿ ಉಟ್ಟು, ಮೇಲೆ ಆಫೀಸಿನ ಅಂಗಿಯನ್ನು ಹಾಗೆಯೇ ಬಿಟ್ಟು, ಕಿಟಕಿಯ ಏಸಿಯ ಎದುರು ಕಾಲು ಚಾಚಿ ಕೂರುತ್ತಿದ್ದರು. ಕರೆಗಂಟೆ ಸದ್ದಾಯಿತೋ, ಎದ್ದು ಲುಂಗಿಯ ಮೇಲೆಯೇ ಪ್ಯಾಂಟು ಏರಿಸಿ, ಉಳಿದ ಬಟ್ಟೆಯನ್ನು ಸೊಂಟದೊಳಗೆ ತುರುಕಿ, ಹೊಟ್ಟೆ ಊದಿಕೊಂಡವರ ಹಾಗೆ ಬಾಗಿಲು ತೆರೆಯುತ್ತಿದ್ದರು. ಬಂದವನು ನೀರಿನ ಕ್ಯಾನಿನವನಾದರೂ ಸರಿ, ಪಕ್ಕದ ಮನೆಯ ಮಗು ಆದರೂ ಸರಿ. ಅಮ್ಮ ಅದನ್ನು ಬಾಗಿಲಿನ ಪ್ಯಾಂಟು ಎನ್ನುತ್ತಿದ್ದಳು. ಪಪ್ಪ ನಗುತ್ತಿರಲಿಲ್ಲ. ಲುಂಗಿಯಲ್ಲಿ ಕಂಡವನನ್ನು ಈ ಊರಲ್ಲಿ ಕೂಲಿಯವನೆಂದು ತಿಳಿಯುತ್ತಾರೆ, ಒಮ್ಮೆ ಹಾಗೆ ತಿಳಿದರೆ ಮತ್ತೆ ತಿದ್ದಲಿಕ್ಕಾಗುವುದಿಲ್ಲ ಎನ್ನುವುದು ಅವರ ನಂಬಿಕೆ. ಕೂಲಿಯವನೆಂದು ತಿಳಿದರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ. ಅವರು ಪ್ಯಾಂಟನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಹೋಗಿ ಓದಿಕೋ ಎಂದರು.

ಶೇಖರಮಾಮ ನನ್ನ ಅಮ್ಮನ ತಮ್ಮ. ನಮ್ಮ ಜೊತೆಯೇ ಇದ್ದರು. ಮನೆಯ ಎರಡು ಕೋಣೆಗಳಲ್ಲಿ ಒಂದು ಅಮ್ಮ ಪಪ್ಪನದ್ದು, ಇನ್ನೊಂದು ನನ್ನ ಮತ್ತು ಅಕ್ಕಿ ಮೂಟೆಗಳದ್ದು. ಮಾಮನಿಗೆ ಹಾಲ್‌ನ ದಿವಾನ್. ಹಗಲಿನಲ್ಲಿ ಅವರ ಹಾಸಿಗೆ ಮಡಚಿ ದಿವಾನಿನ ಹಿಂದೆ ಹೋಗುತ್ತಿತ್ತು. ಅವರ ಅಂಗಿಗಳು ಮಾತ್ರ ಹಾಲಿನ ಉದ್ದಕ್ಕೂ ಕಟ್ಟಿದ್ದ ಹಗ್ಗದಲ್ಲಿ ಎಲ್ಲರಿಗೂ ಕಾಣುವಂತೆ ತೂಗುತ್ತಿದ್ದವು. ಅಂಥ ಅಂಗಿಗಳನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ದಾಸವಾಳದ ಹೂವಿನದು, ಗಿಳಿಗಳದು, ಹಳದಿಯ ಮೇಲೆ ಕಪ್ಪು ದೋಣಿಗಳದು. ಎಲ್ಲವೂ ಅರ್ಧ ತೋಳಿನವು, ಅಗಲ ಕಾಲರಿನವು, ಶುಕ್ರವಾರ ಸೂಕಿನ ಸಂತೆಯಲ್ಲಿ ರಾಶಿಯಿಂದ ಹೆಕ್ಕಿ ತಂದವು. ಕೆಳಗೆ ನೀಲಿ ಚೌಕುಳಿಯ ಲುಂಗಿ. ಸೈಟಿಗೆ ಕಂಪನಿಯ ಪ್ಯಾಂಟು ಹಾಕಿಕೊಂಡು ಹೋಗುತ್ತಿದ್ದರು, ಅದಕ್ಕೆ ತಕರಾರಿರಲಿಲ್ಲ. ಆದರೆ ಕೆಲಸ ಮುಗಿದ ಮೇಲಿನ ಹೊತ್ತು ತನ್ನದು, ಆ ಹೊತ್ತಿನಲ್ಲಿ ಮನೆಯೊಳಗೆ ಹೇಗಿರುತ್ತೇನೋ ಮನೆಯ ಹೊರಗೂ ಹಾಗೆಯೇ ಇರುತ್ತೇನೆ ಎಂದು ಅವರು ಹಟ ಹಿಡಿದಿದ್ದರು. ಬದುಕಿನಲ್ಲಿ ಮಾಮ ಹೆಚ್ಚೇನೂ ಕೇಳಿದವರಲ್ಲ. ಮದುವೆ ಆಗಲಿಲ್ಲ, ಜಾಗ ಮಾಡಲಿಲ್ಲ, ಊರಲ್ಲಿ ಮನೆ ಕಟ್ಟಲಿಲ್ಲ. ಕೇಳಿದ್ದು ಇದೊಂದನ್ನೇ. ಅದನ್ನು ಕೊಡಲು ಜನ ಎಷ್ಟು ಸತಾಯಿಸಿದರು ಎಂದು ಈಗ, ಅವರು ಹೋದ ಮೇಲೆ, ಲೆಕ್ಕ ಹಾಕುತ್ತಾ ಕೂತರೆ ಅಳುವಿಗಿಂತ ಮೊದಲು ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನನ್ನದು ಅಮ್ಮ ಅಡುಗೆಮನೆಯಲ್ಲಿ ಕೂರಿಸಿ ಕಲಿಸಿದ ಕನ್ನಡ; ಅಷ್ಟರಲ್ಲಿ ಆಗುವಷ್ಟು ಹೇಳುತ್ತೇನೆ.

ಲುಂಗಿ ಉಡುವವರಿಗೆ ಗೊತ್ತಿರುವ ಒಂದು ರೀತಿಯನ್ನು ಮೊದಲೇ ಹೇಳಬೇಕು. ನಡೆಯುವಾಗ, ಕೆಲಸ ಮಾಡುವಾಗ ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಮಡಚಿ ಕಟ್ಟುತ್ತಾರೆ. ಹಿರಿಯರು ಎದುರಾದರೆ, ಮರ್ಯಾದೆ ಕೊಡಬೇಕಾದ ಯಾರೇ ಬಂದರೂ, ಆ ಮಡಿಕೆಯನ್ನು ಬಿಚ್ಚಿ ಪಾದದವರೆಗೆ ಇಳಿಬಿಡುತ್ತಾರೆ. ಇದನ್ನು ಯಾರೂ ಕಲಿಸುವುದಿಲ್ಲ. ಮಾಮ ಮೆಟ್ಟಿಲು ಹತ್ತುವಾಗ ಕೆಳಗಿನ ಅಂಗಡಿಯ ಮುದುಕ ಹಾಜಿ ಮೇಲಿಂದ ಇಳಿದು ಬಂದರೆ ಮಾಮನ ಕೈ ತಾನಾಗಿ ಸೊಂಟಕ್ಕೆ ಹೋಗಿ ಲುಂಗಿ ಸರ್ರನೆ ಇಳಿಯುತ್ತಿತ್ತು. ಹಾಜಿ ನಮ್ಮ ಊರಿನ ಕಡೆಯವರೇ, ಬ್ಯಾರಿ ಮಾತಾಡುವವರು. ಅದನ್ನು ನೋಡಿ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಇಬ್ಬರ ನಡುವೆ ಅಷ್ಟೇ ಮಾತು.

ಡಂಕನ್ ನಮ್ಮ ಮನೆಗೆ ಬಂದದ್ದು ಈ ಲುಂಗಿಯ ದೆಸೆಯಿಂದಲೇ. ಪಪ್ಪ ಮತ್ತು ಮಾಮ ಒಂದೇ ಕಂಪನಿಯಲ್ಲಿದ್ದರು. ಪಪ್ಪ ಅಕೌಂಟ್ಸಿನಲ್ಲಿ, ಮಾಮ ಕಟ್ಟಡಗಳಿಗೆ ಏಸಿ ಕೂರಿಸುವ ತಂಡದಲ್ಲಿ. ಡಂಕನ್ ಮಾಮನ ಸೈಟಿನ ಮ್ಯಾನೇಜರ್, ಸ್ಕಾಟ್ಲೆಂಡಿನವನು, ಬಿಸಿಲಿಗೆ ಕೆಂಪಗೆ ಬೆಂದ ಕುತ್ತಿಗೆಯ ದೊಡ್ಡ ಆಳು. ಒಂದು ಶುಕ್ರವಾರ ಯಾವುದೋ ತುರ್ತಿಗೆ ಮಾಮನನ್ನು ಕರೆಯಲು ಬಂದವನು ಗಿಳಿಗಳ ಅಂಗಿ, ಲುಂಗಿಯಲ್ಲಿ ಬಾಗಿಲು ತೆರೆದ ಮಾಮನನ್ನು ಕಂಡು ತುರ್ತನ್ನೇ ಮರೆತ. ತನ್ನ ಊರಲ್ಲಿಯೂ ಗಂಡಸರು ಹೀಗೆಯೇ ಚೌಕುಳಿ ಬಟ್ಟೆ ಸುತ್ತಿಕೊಳ್ಳುತ್ತಾರೆ, ಕಿಲ್ಟ್ ಎನ್ನುತ್ತಾರೆ ಎಂದ. ಮುಂದಿನ ವಾರ ಅದನ್ನು ಒಂದು ಚೀಲದಲ್ಲಿ ತಂದು ನಮ್ಮ ದಿವಾನಿನ ಮೇಲೆ ಹರಡಿದ. ನಾನು ಮುಟ್ಟಿ ನೋಡಿದೆ. ಕಂಬಳಿಯಷ್ಟು ಭಾರದ ಉಣ್ಣೆ, ಹಿಂಭಾಗವೆಲ್ಲ ಮಡಿಕೆ, ಸೊಂಟಕ್ಕೆ ಚರ್ಮದ ಪಟ್ಟಿ. ಪಟ್ಟಿಯಿಲ್ಲದೆ, ಗುಂಡಿಯಿಲ್ಲದೆ ಮಾಮನ ಲುಂಗಿ ಹೇಗೆ ನಿಲ್ಲುತ್ತದೆ ಎನ್ನುವುದು ಅವನಿಗೆ ದೊಡ್ಡ ಬೆರಗು. ಮಾಮ ಎರಡು ಸಲ ಬಿಗಿದು ತೋರಿಸಿದರು. ಅವನು ಮಾಮನದೇ ಇನ್ನೊಂದು ಲುಂಗಿಯನ್ನು ಪ್ಯಾಂಟಿನ ಮೇಲೆ ಸುತ್ತಿ, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅದು ಕಾಲಬುಡಕ್ಕೆ ಬಿತ್ತು. ಅಡುಗೆಮನೆಯ ಪರದೆಯ ಹಿಂದೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಕಿಲ್ಟಿನ ಮೇಲೆ ಕೋಟು ಹಾಕಬೇಕೆಂದು ಡಂಕನ್‌ನ ತಾಯಿಯ ಕಟ್ಟಪ್ಪಣೆಯಂತೆ. ಮದುವೆಗೋ ಹಬ್ಬಕ್ಕೋ ಕೋಟು, ಟೈ, ಉದ್ದ ಕಾಲುಚೀಲ ಎಲ್ಲ ಕೂಡಿ ಬಂದರೇನೇ ಅದು ಉಡುಗೆ, ಇಲ್ಲದಿದ್ದರೆ ಮಾನಗೇಡು. ಇವನು ಕೋಟನ್ನು ಊರಲ್ಲೇ ಬಿಟ್ಟು ಬಂದಿದ್ದ. ಸಾದಾ ಅಂಗಿ ಹಾಕಿ, ತೋಳು ಮೊಣಕೈವರೆಗೆ ಮಡಚಿ, ಅಂಗಿಯ ಅಂಚನ್ನು ಕಿಲ್ಟಿನೊಳಗೆ ಸಿಕ್ಕಿಸಿ ಓಡಾಡುತ್ತಿದ್ದ. ಮಾಮನ ಅಂಗಿ ಏಕೆ ಹೊರಗೆ ಇಳಿಬಿದ್ದಿದೆ ಎಂದು ಅವನು ಕೇಳಿದ. ಗಾಳಿ ಆಡಲಿಕ್ಕೆ ಎಂದು ಮಾಮ ಹೇಳಿದರು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಕೋರಿ ರೊಟ್ಟಿ ತಿಂದರು. ಪಪ್ಪ ಮಾತ್ರ ಅಂದು ಊಟ ಮುಗಿಯುವವರೆಗೂ ಬಾಗಿಲಿನ ಪ್ಯಾಂಟಿನಲ್ಲೇ, ಲುಂಗಿಯ ಗಂಟಿನ ಮೇಲೆ ಕೂತಿದ್ದರು.

ಆ ಚಳಿಗಾಲದಲ್ಲಿ ಕಂಪನಿಯವರು ಸಮುದ್ರದ ಬದಿಯ ಒಂದು ಕ್ಲಬ್ಬಿನಲ್ಲಿ ಎಲ್ಲ ಕುಟುಂಬಗಳಿಗೆ ಮಧ್ಯಾಹ್ನದ ಊಟ ಇಟ್ಟುಕೊಂಡರು. ಕಾರ್ಡಿನಲ್ಲಿ, ನಿಮ್ಮ ನಿಮ್ಮ ದೇಶದ ಉಡುಪಿನಲ್ಲಿ ಬನ್ನಿ ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಅದರ ಮೇಲೆ ಒಂದು ವಾರ ಚರ್ಚೆ ನಡೆಯಿತು. ನಮ್ಮ ದೇಶದ ಉಡುಪು ಎಂದರೆ ಯಾವುದು? ಪಪ್ಪ ಯಾರನ್ನೂ ಕೇಳದೆ ತೀರ್ಮಾನ ಮಾಡಿ, ಲಖನೌ ಕಡೆಯ ಸಹೋದ್ಯೋಗಿಯೊಬ್ಬರಿಂದ ಶೆರ್ವಾನಿ, ಚೂಡಿದಾರ ಪೈಜಾಮ ತಂದರು. ನನಗೆ ಅವರ ಮಗಳದೇ ಕನ್ನಡಿ ಹೊಲಿದ ಲಂಗ, ದುಪಟ್ಟಾ. ಕರಾವಳಿಯಲ್ಲಿ ನಮ್ಮ ಅಜ್ಜ, ಮುತ್ತಜ್ಜ ಯಾರೂ ಶೆರ್ವಾನಿಯನ್ನು ಕಣ್ಣಿಂದ ಕಂಡವರೂ ಅಲ್ಲ. ಅಮ್ಮ ರೇಷ್ಮೆ ಸೀರೆ ಸಾಕೆಂದಳು. ಮಾಮನಿಗೆಂದು ಬಿಳಿ ಮುಂಡು ಪಂಚೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಳು. ಮಾಮ ಅದನ್ನು ಮುಟ್ಟಲಿಲ್ಲ. ಅದು ದೇವಸ್ಥಾನಕ್ಕೆ, ತಾನು ದಿನಾ ಉಡುವುದು ಇದನ್ನು ಎಂದು ನೀಲಿ ಲುಂಗಿಯನ್ನೇ ಒಗೆದು ಹರವಿದರು. ಮೇಲೆ ದಾಸವಾಳದ ಅಂಗಿ. ಕಾರ್ಡಿನಲ್ಲಿ ಬರೆದದ್ದನ್ನು ನಮ್ಮ ಮನೆಯಲ್ಲಿ ಅಕ್ಷರಶಃ ನಂಬಿದವರು ಅವರೊಬ್ಬರೇ. ಹೊರಡುವಾಗ ಪಪ್ಪ ಮಾಮನ ಕರಿ ಪ್ಯಾಂಟನ್ನು ಮಡಚಿ ಕಾರಿನ ಹಿಂದೆ ಇಟ್ಟದ್ದನ್ನು ನಾನು ನೋಡಿದೆ.

ಕ್ಲಬ್ಬಿನ ಗೇಟಿನಲ್ಲಿ ಮಲಯಾಳಿ ವಾಚ್‌ಮ್ಯಾನ್ ಇದ್ದ. ಶೆರ್ವಾನಿಯ ಪಪ್ಪನಿಗೆ ಸಲಾಮು ಹೊಡೆದ, ಅಮ್ಮನಿಗೆ ದಾರಿ ಬಿಟ್ಟ. ಮಾಮ ಗೇಟು ಕಂಡಾಗಲೇ ಲುಂಗಿಯ ಮಡಿಕೆ ಬಿಚ್ಚಿ ಪಾದದವರೆಗೆ ಇಳಿಸಿದ್ದರು. ಒಳಗೆ ಹಿರಿಯರಿದ್ದಾರೆ, ಹೆಂಗಸರಿದ್ದಾರೆ ಎಂಬ ಲೆಕ್ಕ. ವಾಚ್‌ಮ್ಯಾನ್ ಅವರ ಎದೆಗೆ ಅಡ್ಡ ಕೈಯಿಟ್ಟ. ಅವನ ದನಿಯಲ್ಲಿ ಜೋರು ಇರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು.

"ಚೇಟ್ಟಾ, ಲುಂಗಿ ಮಾಫಿ. ಒಳಗೆ ಬಿಟ್ಟರೆ ನನಗೆ ಖಲಾಸ್."

ಚೇಟ್ಟಾ ಎಂದರೆ ಅವನ ಮಾತಿನಲ್ಲಿ ಅಣ್ಣ, ಮಾಫಿ ಎಂದರೆ ಅರಬಿಯಲ್ಲಿ ಇಲ್ಲ. ಮಾಮ ಕಾರ್ಡು ತೋರಿಸಿದರು. ಅವನು ಓದಿ ನೋಡಿ, ಇದರಲ್ಲಿ ಲುಂಗಿ ಎಂದು ಇಲ್ಲವಲ್ಲ ಎಂದ. ನೀನು ಮನೆಯಲ್ಲಿ ಏನು ಉಡುತ್ತಿ ಎಂದು ಮಾಮ ಅವನನ್ನು ಮಲಯಾಳದಲ್ಲೇ ಕೇಳಿದರು. ಪಪ್ಪ ಹತ್ತಿರ ಬಂದು, ಪ್ಯಾಂಟು ಕಾರಿನಲ್ಲಿದೆ, ಹೋಗಿ ಬದಲಾಯಿಸು, ಎಲ್ಲರೂ ನೋಡುತ್ತಿದ್ದಾರೆ ಎಂದು ಪಿಸುಗುಟ್ಟಿದರು. ಮಾಮ ಅಲುಗಲಿಲ್ಲ. ಅಷ್ಟರಲ್ಲಿ ಡಂಕನ್ ತನ್ನ ಹೆಂಡತಿಯೊಂದಿಗೆ ಬಂದ. ಕೆಂಪು ಹಸಿರು ಚೌಕುಳಿಯ ಕಿಲ್ಟ್, ಮೇಲೆ ತೋಳು ಮಡಚಿದ ತಿಳಿನೀಲಿ ಅಂಗಿ, ಕೋಟಿಲ್ಲ, ಟೈ ಇಲ್ಲ. ಮೊಣಕಾಲು ಕಾಣುತ್ತಿತ್ತು. ವಾಚ್‌ಮ್ಯಾನ್ ಗೇಟಿನ ಇನ್ನೊಂದು ರೆಕ್ಕೆಯನ್ನೂ ತೆರೆದು ಸಲಾಮು ಹೊಡೆದ. ಡಂಕನ್ ಅರ್ಧ ಒಳಗೆ ಹೋದವನು ನಮ್ಮನ್ನು ಕಂಡು ತಿರುಗಿ ಬಂದ. ವಿಷಯ ತಿಳಿದು ಅವನ ಮುಖ ಇನ್ನೂ ಕೆಂಪಾಯಿತು. ಇವನು ಉಟ್ಟದ್ದೂ ನಾನು ಉಟ್ಟದ್ದೂ ಒಂದೇ, ಇವನು ನನ್ನ ಜೊತೆ ಬಂದವನು, ಬಿಡು ಎಂದು ವಾಚ್‌ಮ್ಯಾನಿಗೆ ಹೇಳಿ ಮಾಮನ ಹೆಗಲಿಗೆ ಕೈ ಹಾಕಿದ. ವಾಚ್‌ಮ್ಯಾನ್ ಬದುಕಿದೆ ಎನ್ನುವ ಹಾಗೆ ಪಕ್ಕಕ್ಕೆ ಸರಿದ. ಗೇಟು ತೆರೆದಿತ್ತು. ಪಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮಾಮ ಹೆಗಲಿನ ಕೈಯನ್ನು ಮೆಲ್ಲಗೆ ತೆಗೆದರು. ಅವರ ಇಂಗ್ಲಿಷು ಸೈಟಿನ ಇಂಗ್ಲಿಷು. ಹೇಳಿದ್ದು ಇಷ್ಟು:

"ಡಂಕನ್, ಇದು ನಿನ್ನದರ ಹಾಗೆ ಅಲ್ಲ. ಇದು ಲುಂಗಿ. ಲುಂಗಿ ಅಂತ ಗೊತ್ತಿದ್ದು ಬಿಡುದಾದರೆ ಬಿಡಲಿ."

ಒಳಗಿಂದ ಯಾರೋ ಡಂಕನ್‌ನನ್ನು ಕರೆದರು, ಅವನ ಹೆಂಡತಿ ತೋಳು ಹಿಡಿದೆಳೆದಳು, ಅವನು ತಿರುತಿರುಗಿ ನೋಡುತ್ತಾ ಹೋದ. ಅವನನ್ನು ನಾನು ದೂರುವುದಿಲ್ಲ. ಒಳ್ಳೆಯವನೇ. ಆಮೇಲೂ ನಮ್ಮ ಮನೆಗೆ ಬಂದು ಊಟ ಮಾಡಿದ. ಆದರೆ ತನ್ನ ಸೊಂಟದ ಬಟ್ಟೆಯ ನೆರಳಿನಲ್ಲಿ ಇನ್ನೊಬ್ಬನನ್ನು ಒಳಗೆ ಕರೆದೊಯ್ಯುವುದರಲ್ಲಿ ತಪ್ಪೇನು ಎನ್ನುವುದು ಅವನಿಗೆ ಕೊನೆಯವರೆಗೂ ಹೊಳೆಯಲಿಲ್ಲ. ನನಗೆ ಅಂದೇ ಹೊಳೆಯಿತು, ಏಕೆಂದರೆ ಅವನು ಅತ್ತ ಹೋಗುತ್ತಿದ್ದ ಹಾಗೆ ಮಾಮ ಬಗ್ಗಿ, ಇಳಿಬಿಟ್ಟಿದ್ದ ಲುಂಗಿಯ ಅಂಚು ಹಿಡಿದು, ಎತ್ತಿ ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದರು. ಗೇಟಿನ ಎದುರೇ, ಕ್ಲಬ್ಬಿನ ಕಡೆಗೆ ಮುಖ ಮಾಡಿಯೇ. ಅದರ ಅರ್ಥ ಅಲ್ಲಿದ್ದವರಲ್ಲಿ ನಾಲ್ಕೈದು ಜನಕ್ಕೆ ಮಾತ್ರ ಆಗಿರಬಹುದು. ವಾಚ್‌ಮ್ಯಾನಿಗೆ ಖಂಡಿತ ಆಯಿತು. ಅವನು ಮುಖ ಆಚೆ ತಿರುಗಿಸಿದ.

ಪಪ್ಪ ಅಮ್ಮನನ್ನು ನೋಡಿದರು, ಬಾ ಎನ್ನುವ ಹಾಗೆ. ಅಮ್ಮ ಜನರ ಎದುರು ಪಪ್ಪನಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಂದೂ ದನಿ ಎತ್ತಲಿಲ್ಲ.

"ನೀವು ಹೋಗಿ. ನಿಮ್ಮ ಕೆಲಸದ ಜನ ಒಳಗೆ ಉಂಟು. ನನ್ನ ತಮ್ಮನನ್ನು ಹೊರಗೆ ನಿಲ್ಲಿಸಿದ ಕಡೆ ನಾನು ಉಣ್ಣುದಿಲ್ಲ."

ಪಪ್ಪ ಒಬ್ಬರೇ ಒಳಗೆ ಹೋದರು. ಬೆವರಿಗೆ ಶೆರ್ವಾನಿ ಬೆನ್ನಿಗೆ ಅಂಟಿತ್ತು. ನಾವು ಮೂವರು ಸಮುದ್ರದ ಬದಿಗೆ ನಡೆದೆವು. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ರೇಷ್ಮೆ ಸೀರೆಯನ್ನು ಎತ್ತಿಕೊಂಡಳು. ಕನ್ನಡಿ ಲಂಗದ ನಾನು ಮಿಣಮಿಣ ಹೊಳೆಯುತ್ತಾ ಮಾಮನ ಕೈ ಹಿಡಿದಿದ್ದೆ. ಒಂದು ಗಾಡಿಯಲ್ಲಿ ಕರಕ್ ಎಂಬ ಗಟ್ಟಿ ಚಹಾ ಕುಡಿದು ಟ್ಯಾಕ್ಸಿ ಹಿಡಿದು ಮನೆಗೆ ಬಂದು ಗಂಜಿ, ಒಣಮೀನಿನ ಚಟ್ನಿ ಉಂಡೆವು. ದಾರಿಯಲ್ಲಿ ಮಾಮ ಹೇಳಿದ್ದು ಚಹಾದಲ್ಲಿ ಏಲಕ್ಕಿ ಹೆಚ್ಚಾಯಿತು ಎಂದಷ್ಟೇ.

ಪಪ್ಪ ಬರುವಾಗ ಬಿರಿಯಾನಿ ಕಟ್ಟಿಸಿಕೊಂಡು ಬಂದಿದ್ದರು. ಯಾರೂ ಮುಟ್ಟಲಿಲ್ಲ. ಅದರಿಂದಲೇ ಜಗಳ ಹತ್ತಿತು. ಮಾಮನ ವೀಸಾ, ಪಪ್ಪನ ವೀಸಾ, ಅದರ ಬಾಲವಾಗಿ ಅಮ್ಮನದು, ನನ್ನದು, ಎಲ್ಲ ಆ ಒಂದು ಕಂಪನಿಯ ಕೈಯಲ್ಲಿ. ಪಪ್ಪನ ಭಯ ಸುಳ್ಳಲ್ಲ. ದಿವಾನಿನ ಅಂಚಿಗೆ ಕೂತು, ಶೆರ್ವಾನಿಯ ಗುಂಡಿ ಬಿಚ್ಚಲಿಕ್ಕಾಗದೆ ಒದ್ದಾಡುತ್ತಾ ಅವರು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

"ಈ ವೇಷ ನಾನು ಯಾರಿಗೋಸ್ಕರ ಹಾಕಿದ್ದು ಶೇಖರ? ಅವರು ನಾಳೆ ಕ್ಯಾನ್ಸಲ್ ಹೊಡೆದರೆ ನಾವೆಲ್ಲ ಒಂದೇ ವಿಮಾನದಲ್ಲಿ ಊರಿಗೆ."

"ಕಳಿಸಿದರೆ ಹೋಗುವ ಭಾವ," ಎಂದರು ಮಾಮ. "ಆದರೆ ಲುಂಗಿಯಲ್ಲೇ ಹೋಗುವ."

ಅಮ್ಮನಿಗೆ ನಗು ತಡೆಯಲಿಕ್ಕಾಗಲಿಲ್ಲ. ಆ ನಗುವೇ ಪಪ್ಪನಿಗೆ ಹೆಚ್ಚು ನೋವು ಮಾಡಿತು ಎಂದು ಕಾಣುತ್ತದೆ. ಅಂದಿನಿಂದ ಭಾವ ಭಾವಮೈದುನರ ಮಾತು ನಿಂತಿತು. ಒಂದೇ ಹಾಲ್, ಒಂದೇ ಊಟದ ಚಾಪೆ, ಒಂದೇ ಬಚ್ಚಲು. ಮಾತೆಲ್ಲ ನನ್ನ ಮೂಲಕ. ನಿನ್ನ ಮಾಮನಿಗೆ ಹೇಳು, ಗ್ಯಾಸು ಮುಗಿದಿದೆ ಎಂದು. ನಿನ್ನ ಪಪ್ಪನಿಗೆ ಹೇಳು, ತಂದಾಯಿತು ಎಂದು. ಇಬ್ಬರೂ ಕೈಯಳತೆಯಲ್ಲಿ ಕೂತಿರುತ್ತಿದ್ದರು. ನಾನು ಹೇಳಿದ್ದನ್ನು ಹೇಳಿ ಬೇಸತ್ತು, ಒಮ್ಮೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಬೆರೆಸಿ ಕೊಟ್ಟೆ. ಇಬ್ಬರೂ ಒಟ್ಟಿಗೆ ನನ್ನನ್ನು ಬೈದರು. ಕೊನೆಗೆ ಮೌನ ಮುರಿದದ್ದು ಮೀನಿನಿಂದ. ಮಾಮ ತಂದ ದೊಡ್ಡ ಶೇರಿ ಮೀನಿನ ತುಂಡು ಬಾಯಿಗಿಟ್ಟ ಪಪ್ಪ ಮುಳ್ಳು ಚುಚ್ಚಿ, ಮಾತು ಬಿಟ್ಟದ್ದನ್ನು ಮರೆತು, ನೇರವಾಗಿ ಮಾಮನನ್ನೇ ನೋಡಿ, ಇದನ್ನು ಹೀಗೆ ಅಡ್ಡಾದಿಡ್ಡಿ ಯಾರು ಕತ್ತರಿಸಿದ್ದು ಎಂದು ಕೇಳಿದರು. ನಾನೇ ಭಾವ ಎಂದರು ಮಾಮ. ಅಷ್ಟರ ಮೇಲೆ ಇಬ್ಬರೂ ಮಾತಾಡತೊಡಗಿದರು. ಗೇಟಿನ ವಿಷಯ ಮಾತ್ರ ಅವರ ನಡುವೆ ಮತ್ತೆ ಬರಲೇ ಇಲ್ಲ. ವೀಸಾ ಯಾರದ್ದೂ ರದ್ದಾಗಲಿಲ್ಲ. ಕಂಪನಿಯವರಿಗೆ ನಮ್ಮ ನೆನಪೇ ಇದ್ದ ಹಾಗೆ ಕಾಣಲಿಲ್ಲ.

ನಾನು ನಾನಾದದ್ದು ಆ ಗೇಟಿನ ನಂತರದ ಶುಕ್ರವಾರಗಳಲ್ಲಿ. ಮೊದಲು ಮಾಮ ಲುಂಗಿಯಲ್ಲಿ ಅಂಗಡಿಯವರೆಗೆ ಹೋಗುತ್ತಿದ್ದರು. ಈಗ ಎಲ್ಲ ಕಡೆಗೂ ಹೋಗತೊಡಗಿದರು, ನನ್ನನ್ನೂ ಕರೆದುಕೊಂಡು. ಸೂಕಿಗೆ, ಸಮುದ್ರದ ದಂಡೆಗೆ, ಬಸ್ಸು ಹತ್ತಿ ಗೊತ್ತಿಲ್ಲದ ಬೀದಿಗಳಿಗೆ. ಅರಬರು ನೋಡಿ ಸುಮ್ಮನಾಗುತ್ತಿದ್ದರು. ಅವರಲ್ಲಿ ಮೀನು ಹಿಡಿಯುವ ಮುದುಕರು ಸೊಂಟಕ್ಕೆ ಅಂಥದೇ ಬಟ್ಟೆ ಸುತ್ತಿದ್ದನ್ನು ನಾನೇ ಕಂಡಿದ್ದೆ. ಹಂಗಿಸಿದವರು ನಮ್ಮವರೇ. ಓ ಮದ್ರಾಸಿ, ಪ್ಯಾಂಟು ಊರಲ್ಲಿ ಮರೆತೆಯಾ ಎಂದು ಹಿಂದಿಯಲ್ಲಿ ಕೂಗುತ್ತಿದ್ದರು. ಅದಕ್ಕಿಂತ ಹೆಚ್ಚು ಸಂಕಟಪಟ್ಟವರು ಮಂಗಳೂರಿನ ಕಡೆಯವರು. ನಮ್ಮ ಜನರ ಕೂಟವೊಂದರ ಹಿರಿಯರೊಬ್ಬರು ಮನೆಗೇ ಬಂದು, ನಾವು ಇಲ್ಲಿ ಕಷ್ಟಪಟ್ಟು ಗಳಿಸಿದ ಹೆಸರನ್ನು ನಿಮ್ಮ ಭಾವಮೈದುನ ಹಾಳು ಮಾಡುತ್ತಿದ್ದಾನೆ ಎಂದು ಪಪ್ಪನಿಗೆ ಹೇಳಿದರು. ಮಾಮ ಅಲ್ಲೇ ಇದ್ದರು. ವಯಸ್ಸಿನಲ್ಲಿ ಹಿರಿಯರಾದ್ದರಿಂದ ಲುಂಗಿ ಇಳಿಬಿಟ್ಟು ನಿಂತು ಎಲ್ಲ ಕೇಳಿಸಿಕೊಂಡು, ಚಹಾ ತಂದುಕೊಟ್ಟು, ಅವರು ಮೆಟ್ಟಿಲು ಇಳಿದ ಮೇಲೆ ಅದೇ ಲುಂಗಿಯಲ್ಲಿ ಹೊರಗೆ ಹೊರಟರು. ಶಾಲೆಯಲ್ಲಿ ಒಬ್ಬ ಹುಡುಗಿ, ನಿನ್ನ ಜೊತೆ ಬರುವವನು ನಿಮ್ಮ ಮನೆಯ ಅಡುಗೆಯವನಾ ಎಂದು ಕೇಳಿದಳು. ಬಂದು ಮಾಮನಿಗೆ ಹೇಳಿದೆ. ಏನಂದೆ ಎಂದರು. ನನ್ನ ಮಾಮ ಅಂದೆ ಎಂದೆ.

"ಅಷ್ಟು ಸಾಕು ಮಗಾ. ಅದರ ಮೇಲೆ ಒಂದು ಮಾತು ಸೇರಿಸಬೇಡ."

ಆ ಒಂದು ಮಾತನ್ನು ನಾನು ಇಂದಿಗೂ ಎಲ್ಲಿಯೂ ಸೇರಿಸಿಲ್ಲ. ನನ್ನ ಬಣ್ಣಕ್ಕೆ, ನನ್ನ ಊಟದ ಡಬ್ಬಿಯ ವಾಸನೆಗೆ, ನಾನು ಮದುವೆಯಾದವರ ಜಾತಿಗೆ, ನನ್ನ ಮುರುಕು ಕನ್ನಡಕ್ಕೆ, ಯಾರು ಕಾರಣ ಕೇಳಿದರೂ ಕೊಟ್ಟಿಲ್ಲ. ಜನ ನನ್ನನ್ನು ಗರ್ವದವಳು ಎನ್ನುತ್ತಾರೆ. ಎನ್ನಲಿ.

ಮಾಮನ ಕೊನೆಯ ವರ್ಷಗಳು ದೋಹಾ ಬದಿಯ ಅಲ್ ಗರಾಫಾದ ನನ್ನ ಮನೆಯಲ್ಲೇ ಕಳೆದವು. ಅಮ್ಮ ಆಗಲೇ ಹೋಗಿದ್ದಳು. ಪಪ್ಪ ಊರಲ್ಲಿ, ದೊಡ್ಡಮ್ಮನ ಮಗ ಪ್ರದೀಪನ ಜೊತೆ ಇದ್ದಾರೆ. ಮಾಮ ಇಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹವನ್ನು ವಿಮಾನದಲ್ಲಿ ಊರಿಗೆ ಒಯ್ದೆವು. ದಹನ ಮುಗಿಸಿ, ರಜೆ ಇಲ್ಲದೆ ನಾನು ಹಿಂದಿರುಗಿದೆ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಹೂಹಾರ ಹಾಕಿ ಇಡಲು ದೊಡ್ಡ ಫೋಟೋ ಬೇಕು, ಒಳ್ಳೆಯದೊಂದನ್ನು ಕಳಿಸು ಎಂದು ಪ್ರದೀಪ ಕೇಳಿದ. ಹೋದ ಚಳಿಗಾಲದಲ್ಲಿ ಅಲ್ ಶಮಾಲ್‌ನ ಕಡಲ ಬದಿಯಲ್ಲಿ ನಾನೇ ತೆಗೆದದ್ದನ್ನು ಕಳಿಸಿದೆ. ಕಾಯಿಲೆಗೆ ಇಳಿದುಹೋಗಿದ್ದರು, ಆದರೂ ನೆಟ್ಟಗೆ ನಿಂತಿದ್ದರು. ಹಸಿರು ಎಲೆಗಳ ಅಂಗಿ, ಲುಂಗಿ, ಗಾಳಿಗೆ ಎರಡೂ ಒಂದೇ ಕಡೆಗೆ ಹಾರುತ್ತಿದ್ದವು. ಸಂಜೆಗೆ ಪ್ರದೀಪ ಸ್ಟುಡಿಯೋದಲ್ಲಿ ತಯಾರಾದದ್ದನ್ನು ನನಗೆ ತೋರಿಸಲು ಕಳಿಸಿದ. ಕಡಲು ಹೋಗಿ ನೀಲಿ ಪರದೆ ಬಂದಿತ್ತು. ಮಾಮನ ಮುಖದ ಕೆಳಗೆ ಕರಿಯ ಕೋಟು, ಕೆಂಪು ಟೈ. ಎದೆಯ ಕೆಳಗೆ ಏನೂ ಇಲ್ಲ. ಕೊರಳು ಮತ್ತು ಕಾಲರು ಸೇರುವಲ್ಲಿ ಒಂದು ಗೆರೆ ಕಾಣುತ್ತಿತ್ತು. ಅವರು ತೀರಿಕೊಂಡ ದಿನ ಬರದೇ ಇದ್ದ ಅಳು ನನಗೆ ಆಗ ಬಂತು.

ಫೋನು ಮಾಡಿದೆ. ಈಗ ಎಲ್ಲರಿಗೂ ಹೀಗೆಯೇ ಮಾಡುವುದು, ಕೋಟಿನಲ್ಲಿ ಇದ್ದರೆ ನೋಡುವವರಿಗೆ ಮರ್ಯಾದೆ, ಗಲ್ಫಿನಲ್ಲಿ ಇಷ್ಟು ವರ್ಷ ಇದ್ದವರು ಎಂದು ಗೊತ್ತಾಗಬೇಡವೇ ಎಂದ ಪ್ರದೀಪ. ಕೆಟ್ಟ ಮನಸ್ಸಿನಿಂದ ಮಾಡಿದವನಲ್ಲ. ನಾನು ಬೇಡ ಎಂದೆ. ಸ್ಟುಡಿಯೋದವನು ಲುಂಗಿಯ ಫೋಟೋ ಯಾರೂ ಹಾಕುವುದಿಲ್ಲ ಎನ್ನುತ್ತಾನೆ, ಬೇಕಾದರೆ ಕೋಟು ತೆಗೆದು ಎದೆಯವರೆಗೆ ಅಂಗಿ ಮಾತ್ರ ಬರುವ ಹಾಗೆ ಕತ್ತರಿಸೋಣ, ಇಬ್ಬರದ್ದೂ ಆಗುತ್ತದೆ ಎಂದ. ಅದೂ ಬೇಡ, ಕಾಲಿನವರೆಗೂ ಇರಲಿ ಎಂದೆ. ಅಕ್ಕ, ನೂರು ಜನ ಬರುತ್ತಾರೆ, ಕೇಳಿದರೆ ನಾನೇನು ಹೇಳಲಿ ಎಂದು ಅವನ ದನಿ ಏರಿತು. ಅಷ್ಟರಲ್ಲಿ ಪಕ್ಕದಲ್ಲಿ ಪಪ್ಪನ ಕೆಮ್ಮು ಕೇಳಿಸಿತು. ಫೋನು ಇಲ್ಲಿ ಕೊಡು ಎಂದರು. ಅವರು ಅವನ ಪರವಾಗಿ ಮಾತಾಡುತ್ತಾರೆಂದು ಜಗಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಪಪ್ಪ ನನ್ನೊಂದಿಗೆ ಮಾತಾಡಲೇ ಇಲ್ಲ. ಫೋನನ್ನು ಕೈಯಲ್ಲಿ ಹಿಡಿದುಕೊಂಡು, ಪ್ರದೀಪನಿಗೇ ಹೇಳಿದರು.

"ಜೀವ ಇರುವಾಗ ನಾನು ಪ್ಯಾಂಟು ಕೈಯಲ್ಲಿ ಹಿಡಿದು ನಿಂತರೂ ಹಾಕದವ ಅವ. ಈಗ ಬೇಡ ಅಂತ ಹೇಳಲಿಕ್ಕೆ ಬಾಯಿ ಇಲ್ಲದಾಗ ಕೋಟು ಹಾಕಿಸುದಾ? ತೆಗಿ ಅದನ್ನು."